ಏಳನೇ ನಿರ್ಣಯ

ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಬಸರಿದೊಡ್ಡಿಯಲ್ಲಿ ಬೆಳಗಿನ ಏಳಕ್ಕೇ ಹೆಂಚು ಕಾಯುತ್ತಿತ್ತು. ಹುಳುಮನೆಗಳ ಕಿಟಕಿಗೆ ಕಟ್ಟಿದ ಗೋಣಿತಾಟುಗಳಿಗೆ ಹೆಂಗಸರು ಆಗಲೇ ಎರಡು ಸಲ ನೀರು ಚಿಮುಕಿಸಿದ್ದರು. ಗಂಗಹನುಮಯ್ಯ ಮಾರಕ್ಕನ ಹುಳುಮನೆಯ ಮುಂದೆ ಕಾಲು ತೊಳೆದು, ಹೊಸಿಲಲ್ಲಿ ಚೆಲ್ಲಿದ್ದ ಸುಣ್ಣದ ಪುಡಿ ತುಳಿದು, ತಲೆ ಬಗ್ಗಿಸಿ ಒಳಗೆ ಹೋದ. ನಾಲ್ಕು ದಿನದಿಂದ ಅವನು ಹೊಗೆಸೊಪ್ಪು ಮುಟ್ಟಿರಲಿಲ್ಲ. ಕೊನೆಯ ಜ್ವರ ಮುಗಿಸಿ ಪೊರೆ ಕಳಚಿ ಎದ್ದ ರೇಷ್ಮೆಹುಳುವಿನ ಹತ್ತಿರ ಹೊಗೆಸೊಪ್ಪಿನ ಕೈ ಸುಳಿಯಬಾರದು, ಒಗ್ಗರಣೆಯ ವಾಸನೆ ಸುಳಿಯಬಾರದು, ಊದುಬತ್ತಿಯೂ ಕೂಡದು. ಹುಳು ಎಂದಿಗೆ ಹಣ್ಣಾಗುತ್ತದೆ, ಎಂದಿಗೆ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು ಎಂದು ಊರಿನವರು ಕೇಳುತ್ತಿದ್ದುದು ಅವನನ್ನೇ. ಅವನು ಬಂದು ಒಂದು ಹುಳು ಎತ್ತಿ ಬೆಳಕಿಗೆ ಹಿಡಿಯುವವರೆಗೆ ಯಾರೂ ಆಳು ಕರೆಯುತ್ತಿರಲಿಲ್ಲ. ಅವನು ಕೆಳಗಿನ ತಟ್ಟೆಯಿಂದ ಒಂದನ್ನು ಎತ್ತಿದ. ಬಾಗಿಲ ಕಡೆ ತಿರುಗಿ ಬೆರಳ ಸಂದಿನಲ್ಲಿ ಹಿಡಿದ. ಹುಳು ಸೊಪ್ಪನ್ನು ಬಿಟ್ಟು ಬಹಳ ಹೊತ್ತಾಗಿತ್ತು. ಕತ್ತಿನ ಕೆಳಗೆ ತಿಳಿಜೇನಿನ ಬಣ್ಣ ಬಂದಿತ್ತು, ಬೆಳಕು ಅದರೊಳಗೆ ಹಾದು ಅವನ ಹೆಬ್ಬೆರಳಿನ ಮೇಲೆ ಬಿದ್ದಿತ್ತು. ಅದು ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ತಡಕುತ್ತಿತ್ತು. ಇವತ್ತು ಮಧ್ಯಾಹ್ನ, ಎಂದು ಅವನಿಗೆ ಯೋಚಿಸುವ ಮೊದಲೇ ತಿಳಿಯಿತು.

ಹೊರಗೆ ಅರಳಿಕಟ್ಟೆಯ ಹತ್ತಿರ ಬಸ್ಸು ಹಾರನ್ ಹೊಡೆಯಿತು. ಸಮಾವೇಶಕ್ಕೆ ಪಾರ್ಟಿಯವರು ಕಳಿಸಿದ್ದ ಬಸ್ಸು.

"ಏನಣ್ಣಾ, ಇವತ್ತೋ ನಾಳಿಕೋ?" ಮಾರಕ್ಕ ಸೊಪ್ಪಿನ ಕುಕ್ಕೆಯನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು.

"ನಾಳಿಕೆ ಕಣಕ್ಕ. ನಾಳಿಕೆ ಹೊತ್ತು ನೆತ್ತಿಗೆ ಬರೋ ಹೊತ್ಗೆ."

"ಯಾಕೋ ಹಳದಿ ತಿರುಗ್ದಂಗೈತಲ್ಲ?"

"ಸೆಕೆಗೆ ಹಂಗೆ ಕಾಣ್ತದೆ. ನಾನು ನೋಡಿಲ್ವಾ?"

"ನೀನು ನೋಡಿದ್ ಮ್ಯಾಕೆ ಮುಗೀತು ಬುಡು." ಅವಳು ಕುಕ್ಕೆ ಇಳಿಸಿ ತಟ್ಟೆಯ ಮೇಲೆ ಹಸಿ ಸೊಪ್ಪನ್ನು ಬೊಗಸೆ ಬೊಗಸೆ ಹರಡತೊಡಗಿದಳು. ತಿನ್ನುವುದನ್ನು ಬಿಟ್ಟ ಹುಳುಗಳ ಮೇಲೆ ಸೊಪ್ಪು ಬೀಳುತ್ತಿತ್ತು. ಅವನು ಬೆರಳಲ್ಲಿದ್ದುದನ್ನು ಸೊಪ್ಪಿನ ಕೆಳಗೆ, ಕಾಣದ ಹಾಗೆ ಬಿಟ್ಟು ಹೊರಗೆ ಬಂದ.

ಬಸ್ಸಿನಲ್ಲಿ ಬಸರಿದೊಡ್ಡಿಯ ಮೂವತ್ತೆರಡು ಜನ ಇದ್ದರು. ಹುಳು ಹಣ್ಣಾದ ದಿನ ಯಾರ ಮನೆಗಾದರೂ ಮುಯ್ಯಾಳಾಗಿ ಹೋಗಬಹುದಾಗಿದ್ದ ಕೈಗಳೆಲ್ಲ ಅಲ್ಲಿದ್ದವು. ಇವತ್ತು ಎಂದಿದ್ದರೆ ಇವರಲ್ಲಿ ಹತ್ತು ಜನ ಇಳಿದುಬಿಡುತ್ತಿದ್ದರು, ಮೊದಲು ತಾನೇ ಇಳಿಯಬೇಕಾಗುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಅವನ ಬೆಳೆ ಹಣ್ಣಾದಾಗ ಮಾರಕ್ಕ ಎರಡು ದಿನ, ಅವಳ ಸೊಸೆ ಭಾನುಪ್ರಿಯ ಒಂದು ದಿನ ಬಂದು ಆಯ್ದು ಕೊಟ್ಟಿದ್ದರು. ದುಡಿದು ತೀರಿಸಬೇಕಾದ ಮೂರು ಆಳಿನ ಮುಯ್ಯಿ ಅವನ ಮೇಲಿತ್ತು. ಭಾನುಪ್ರಿಯ ಈಗ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು, ಇವತ್ತು ಅವಳಿಗೆ ಮಧ್ಯಾಹ್ನದ ಶಿಫ್ಟು. ಅದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದುದೆಲ್ಲ ಒಂದೊಂದಾಗಿ ಹತ್ತಿ ಪಕ್ಕದ ಸೀಟಿನಲ್ಲಿ ಕೂತ ಹಾಗೆ ಅನ್ನಿಸಿ ಅವನು ಕಿಟಕಿಯ ಕಡೆ ಸರಿದ. ಒಂದು ದಿನದ ಮಾತು, ಸಾಯಂಕಾಲ ನಾಲ್ಕಕ್ಕೆ ಬಂದರೂ ಮುಕ್ಕಾಲು ಹುಳು ಆಯಬಹುದು, ಬರುವಾಗ ಕೈಯಲ್ಲಿ ಮಾರಕ್ಕನ ಜಮೀನು ಉಳಿಸುವ ನಿರ್ಣಯ ಇರುತ್ತದೆ, ನಿರ್ಣಯ ಇದ್ದರೆ ಮಾರಕ್ಕ ಒಂದು ತಟ್ಟೆ ಹೋದದ್ದನ್ನು ಮರೆಯುತ್ತಾಳೆ. ಪಾರ್ಟಿಯ ಯೋಗಾನಂದ ಫೋನಿನಲ್ಲಿ ಹಾಗೇ ಹೇಳಿದ್ದ. "ಏಳನೇ ನಿರ್ಣಯ ನಿಮ್ಮ ಜಮೀನಿಂದೇ ಯಜಮಾನ್ರೇ. ನಿಮ್ಮೂರಿಂದ ಮೂವತ್ತು ತಲೆ ಬರ್ಲಿ. ಜನ ಕಂಡ್ರೆ ದೊಡ್ಡೋರ್ಗೆ ಮಾತು ತೂಕ ಕಾಣ್ತದೆ."

"ಏನ್ಲಾ ಗಂಗಾ," ಎಂದ ಹಿಂದಿನ ಸೀಟಿನ ನರಸಯ್ಯ, ಜೊತೆಯಲ್ಲೇ ಬೆಳೆದವನು. "ಬೆಳಗ್ಗೆ ಮಾರಕ್ಕನ ಕಿಟಕೀಲಿ ಇಣುಕ್ದೆ. ಆ ಹುಳ ನಿನ್ ಭಾಷಣ ಕೇಳ್ಕಂಡು ನಾಳೆಗಂಟ ತಡ್ಕತವಾ?"

"ನೀನ್ಯಾವಾಗ್ಲಾ ಹುಳ ನೋಡಕ್ಕೆ ಕಲ್ತೆ?"

"ನಾನ್ ಕಲೀಲಿಲ್ಲ ಕಣಪ್ಪ. ಕಲ್ತಿದ್ರೆ ಬಸ್ ಹತ್ತಾಕಾಯ್ತಿತ್ತಾ?" ನರಸಯ್ಯ ನಕ್ಕ. ಸುತ್ತಲಿದ್ದ ನಾಲ್ಕು ಜನ ನಕ್ಕರು. ಯಾಕೆ ನಕ್ಕರೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಗಂಗಹನುಮಯ್ಯ ತಿರುಗಿ ಒಬ್ಬೊಬ್ಬರ ಮುಖ ನೋಡಿದ. ನರಸಯ್ಯ ಆಗಲೇ ಕಣ್ಣು ಮುಚ್ಚಿದ್ದ.

ರಾಮನಗರದ ಬಂಡೆಗಳು ಕಾಣುವ ಹೊತ್ತಿಗೆ ರಸ್ತೆಯ ಎರಡೂ ಕಡೆ ಕಟೌಟು ನಿಂತಿದ್ದವು. ನಾಯಕರ ಮುಗಿದ ಕೈಗಳು ಬಸ್ಸಿನ ಚಾವಣಿಗಿಂತ ಎತ್ತರದಲ್ಲಿದ್ದವು. ಮೈದಾನದ ಬಾಗಿಲಲ್ಲಿ ಯೋಗಾನಂದ ಬಿಳಿ ಅಂಗಿ ಹಾಕಿ, ಎದೆಯ ಮೇಲೆ ಎರಡು ಬ್ಯಾಡ್ಜು ಚುಚ್ಚಿಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಇಬ್ಬರು ಹುಡುಗಿಯರು ಬಂದವರ ಮೇಲೆಲ್ಲ ಪನ್ನೀರು ಚಿಮುಕಿಸುತ್ತಿದ್ದರು. ಬರೀ ಪನ್ನೀರಲ್ಲ, ಅದಕ್ಕೆ ಏನೋ ಘಾಟು ಸೆಂಟು ಸೇರಿಸಿದ್ದರು. ಗಂಗಹನುಮಯ್ಯ ಎರಡು ಕೈ ಅಡ್ಡ ಹಿಡಿದು ಹಿಂದೆ ಸರಿದ. "ಬ್ಯಾಡ ತಾಯಿ, ಬ್ಯಾಡ. ಊರಲ್ಲಿ ಹುಳ ಐತೆ." ಹುಡುಗಿ ಅರ್ಥವಾಗದೆ ಇನ್ನೂ ಜೋರಾಗಿ ಚಿಮುಕಿಸಿದಳು. ಕತ್ತು, ಅಂಗಿ, ತಲೆಗೂದಲು ಎಲ್ಲ ತೊಯ್ದಿತು. ಯೋಗಾನಂದ ಅವನ ಹೆಗಲಿಗೆ ಪಾರ್ಟಿ ಬಣ್ಣದ ಟವೆಲು ಹಾಕಿ, "ಹುಳ ಇದ್ರೆ ಏನ್ ಯಜಮಾನ್ರೇ, ಅವಕ್ಕೂ ಒಸಿ ಹಬ್ಬ ಆಗ್ಲಿ" ಎಂದ. ಅವನ ತಂದೆ ಮೂವತ್ತು ವರ್ಷ ಹುಳು ಸಾಕಿದವನು. ಮಗನ ಕೈಯಲ್ಲೀಗ ಸೊಪ್ಪಿನ ಕರೆಯ ಗುರುತೂ ಇರಲಿಲ್ಲ. ಲೇಔಟಿನ ಕಚೇರಿ, ಬೆಳ್ಳಗಿನ ಕಾರು, ಬೆರಳಿಗೆ ಒಂದು ಉಂಗುರ. ಇವನನ್ನು ನಂಬಿದವನು ನಾನು, ಎಂದು ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಆ ಅಸಹ್ಯವನ್ನು ನುಂಗಿ, ಹಲ್ಲು ಕಾಣುವ ಹಾಗೆ ನಕ್ಕ.

ಮೂರನೇ ಸಾಲಿನಲ್ಲಿ ಖಾಲಿ ಕುರ್ಚಿ ಸಿಕ್ಕಿತು. ಇಷ್ಟು ಮುಂದೆ ಅವನು ಯಾವತ್ತೂ ಕೂತಿರಲಿಲ್ಲ. ವೇದಿಕೆಯ ಹೂವಿನ ಕುಂಡಗಳ ಮೇಲೆ ಅಂಗಡಿಯ ಹೆಸರು ಬರೆದದ್ದೂ ಕಾಣುತ್ತಿತ್ತು. ಹತ್ತು ನಿಮಿಷ ಕಳೆಯಿತೋ ಇಲ್ಲವೋ, ಸ್ವಯಂಸೇವಕನೊಬ್ಬ ಬಂದು ಅವನ ಎದೆಯ ಪಾಸನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. "ಇದು ಹಳದಿ ಪಾಸು. ಇಲ್ಲಿ ಕೆಂಪು ಪಾಸಿನೋರು. ಎದ್ದೇಳಿ." ಅವನ ಹಿಂದೆ ಚಿನ್ನದ ಕಡಗ ಹಾಕಿದ ದಪ್ಪ ಮನುಷ್ಯನೊಬ್ಬ ಫೋನಿನಲ್ಲಿ ಎಕರೆಗಟ್ಟಲೆ ಮಾತಾಡುತ್ತ ಕಾಯುತ್ತಿದ್ದ, ಮಾತು ನಿಲ್ಲಿಸದೆ, ಗಂಗಹನುಮಯ್ಯ ಪೂರ್ತಿ ಏಳುವ ಮೊದಲೇ ಕುರ್ಚಿಯ ಬೆನ್ನು ಹಿಡಿದ. ಗಂಗಹನುಮಯ್ಯ "ನಾನು ಬಸರಿದೊಡ್ಡಿ ಬೂತಿನೋನು" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಬಿದಿರಿನ ಅಡ್ಡಗಟ್ಟೆ ದಾಟಿ ಹಿಂದೆ ನಡೆಯುವಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿಲ್ಲವೆಂದು ತಿಳಿದಾಗ ಇನ್ನೂ ಕೆಟ್ಟದೆನಿಸಿತು.

ಮಾರಕ್ಕ ಈಗ ಎರಡನೇ ಸೊಪ್ಪು ಹಾಕಲು ಬಂದಿರುತ್ತಾಳೆ. ಬಾಗಿಲು ತೆಗೆಯುತ್ತಲೇ ಅವಳಿಗೆ ಗೊತ್ತಾಗುತ್ತದೆ. ತಿನ್ನುವ ಹುಳುವಿನ ಮನೆಗೆ ಒಂದು ಸದ್ದಿರುತ್ತದೆ, ಹಣ್ಣಾದ ಹುಳುವಿನ ಮನೆಯಲ್ಲಿ ಆ ಸದ್ದು ನಿಂತುಹೋಗಿರುತ್ತದೆ. ಅವಳು ಬಾಗಿಲಲ್ಲಿ ನಿಂತು ಆ ಮೌನ ಕೇಳುತ್ತಾಳೆ. ಮೊದಲು ಗಂಗಣ್ಣಾ ಎಂದು ಕೂಗುತ್ತಾಳೆ, ಆಮೇಲೆ ಅವನ ಹೆಂಡತಿಯನ್ನು, ನರಸಯ್ಯನ ಹೆಂಡತಿಯನ್ನು, ಅವರೂ ಬಸ್ಸು ಹತ್ತಿದ್ದಾರೆ. ಊರಲ್ಲಿ ಉಳಿದವರು ಕಣ್ಣು ಕಾಣದ ಮುದುಕರು, ಅವರ ಕೈಗೆ ಕೊಟ್ಟರೆ ಹುಳುವಿನ ಹೊಟ್ಟೆ ಒಡೆಯುತ್ತದೆ. ಎರಡು ವರ್ಷದ ಹಿಂದೆ ಇದೇ ತಟ್ಟೆಯ ಮೇಲೆ ಅವನು ಕೈ ಇಟ್ಟಿದ್ದ. ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ನೋಟಿಸು ಬಂದ ವಾರ ಅದು, ಎಲೆಕ್ಷನ್ನಿಗೆ ಹನ್ನೊಂದು ದಿನ ಇತ್ತು. ಮಾರಕ್ಕನ ಒಂದೂಕಾಲು ಎಕರೆ ಹಿಪ್ಪುನೇರಳೆ ತೋಟ ಕಾಗದದಲ್ಲಿ ಕೆಂಪು ಗೆರೆಯ ಒಳಗಿತ್ತು. ಅವನ ಅರ್ಧ ಎಕರೆ ಗೆರೆಯ ಹೊರಗಿತ್ತು. ಅದನ್ನು ಯಾರೂ ಅವನಿಗೆ ನೆನಪಿಸಿರಲಿಲ್ಲ. "ನಮ್ಮೋರು ಗೆದ್ರೆ ನಿನ್ ಜಮೀನು ಕೈ ಬುಡ್ತರೆ ಕಣಕ್ಕ" ಎಂದಿದ್ದ. "ಅವರ ಬಾಯಿ ಮಾತೇನು, ನಿನ್ ಮಾತು ಹೇಳು" ಎಂದಿದ್ದಳು ಅವಳು. ತಟ್ಟೆ ಮುಟ್ಟಿ ಆಡಿದ ಮಾತು ತಪ್ಪಿದರೆ ಆ ಮನೆಯಲ್ಲಿ ಹುಳು ಗೂಡು ಕಟ್ಟುವುದಿಲ್ಲ ಎಂದು ಊರಿನ ನಂಬಿಕೆ, ದೇವರ ಮೇಲೆ ಸುಳ್ಳಾಡುವವರೂ ತಟ್ಟೆ ಮುಟ್ಟಲು ಹೆದರುತ್ತಾರೆ. ಅವನು ಮುಟ್ಟಿದ್ದ. ಎರಡನೇ ಜ್ವರದಿಂದ ಎದ್ದ ಸಣ್ಣ ಹುಳುಗಳು ಅಂಗೈ ಕೆಳಗೆ ತಣ್ಣಗೆ ಹರಿದದ್ದು ಈಗಲೂ ನೆನಪಿತ್ತು. ಆ ಕೇರಿಯ ಓಟೆಲ್ಲ ಬಿತ್ತು. ಗೆದ್ದವರು ಹಾರ ಹಾಕಿಸಿಕೊಂಡು ಹೋದರು. ನೋಟಿಸು ಇನ್ನೆರಡು ಬಂತು. ಪ್ರತಿ ಸಲ ಅವನು ಯೋಗಾನಂದನ ಹತ್ತಿರ ಓಡಿದ, ಪ್ರತಿ ಸಲ ಒಂದು ತಾರೀಖು ಹೊತ್ತು ವಾಪಸು ಬಂದ. ಮಾರಕ್ಕ ಮಾತ್ರ ಒಂದು ಸಲವೂ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ಎರಡು ವರ್ಷ ಅವನ ಊಟದಲ್ಲಿ ಕಲ್ಲಾಗಿ ಸಿಗುತ್ತಿತ್ತು.

ಹನ್ನೆರಡೂವರೆಗೆ ನಾಯಕರು ಬಂದರು. ಪಟಾಕಿ ಸಿಡಿಯಿತು, ಡೊಳ್ಳು ಬಡಿಯಿತು, ಹಿಂದಿದ್ದವರೆಲ್ಲ ಕುರ್ಚಿಯ ಮೇಲೆ ಹತ್ತಿ ನಿಂತರು. ಗಂಗಹನುಮಯ್ಯ ಏಳಬಾರದು ಎಂದುಕೊಂಡಿದ್ದ. ಆದರೆ ಆ ಬಿಳಿ ತಲೆ ಜನರ ನಡುವೆ ಕಂಡದ್ದೇ ಮೈಯ ರೋಮ ನಿಂತಿತು, ಅವನೂ ಎದ್ದು ನಿಂತಿದ್ದ. ಇಪ್ಪತ್ತು ವರ್ಷದ ಹಿಂದೆ ಅದೇ ಮನುಷ್ಯ ಬಸರಿದೊಡ್ಡಿಯ ಅರಳಿಕಟ್ಟೆಯ ಮೇಲೆ ಕೂತು, ಮುದ್ದೆ ಮುರಿದು ಉಂಡು, "ಉಪ್ಪು ಒಸಿ ಜಾಸ್ತಿ ಕಣಮ್ಮ" ಎಂದು ಅವನ ಹೆಂಡತಿಗೆ ಹೇಳಿದ್ದರು. ಮುನಿಯಮ್ಮ ಆ ಮಾತನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅಂಥದೊಂದು ಮಾತಿಗೆ ಇಷ್ಟು ವರ್ಷ ಓಟು ಹಾಕಿದೆ, ಇನ್ನೊಂದು ಸಲ ಉಪ್ಪು ಜಾಸ್ತಿ ಎಂದರೆ ಇನ್ನಿಪ್ಪತ್ತು ವರ್ಷ ಹಾಕುತ್ತೇನೆ ಎಂದು ಅವನಿಗೆ ಹೊಳೆದು, ನಿಂತ ರೋಮಗಳನ್ನು ಕಿತ್ತು ಎಸೆಯಬೇಕೆನಿಸಿತು. ನಾಯಕರು ಕೈ ಬೀಸಿದರು. ಎಲ್ಲರೂ ತಮಗೇ ಎಂದುಕೊಂಡರು. ಅವನೂ ಬೀಸಿದ.

ಭಾಷಣಗಳು ಒಂದರ ಮೇಲೊಂದು ಬಂದವು. ಚನ್ನಪಟ್ಟಣದವರೊಬ್ಬರು, ಮಾಗಡಿಯವರೊಬ್ಬರು, ಕನಕಪುರದವರೊಬ್ಬರು; ಪ್ರತಿಯೊಬ್ಬರೂ ಮಣ್ಣಿನ ಮಕ್ಕಳು ಎಂದರು. ಊಟದ ಪೊಟ್ಟಣ ಬಂತು, ಚಿತ್ರಾನ್ನ ಹಳಸಿತ್ತು. ಪಕ್ಕದಲ್ಲಿ ಕೂತಿದ್ದ ಅಕ್ಕೂರಿನ ಮುದುಕ ಅದನ್ನು ಮೂಸಿ ಮತ್ತೆ ಕಟ್ಟಿ, ಸೊಂಟದಿಂದ ಹೊಗೆಸೊಪ್ಪಿನ ಚೀಲ ತೆಗೆದು ಅವನ ಕಡೆ ಚಾಚಿದ. ಗಂಗಹನುಮಯ್ಯ ಬೇಡ ಎಂದು ತಲೆಯಾಡಿಸಿದ.

"ಹುಳ ಇಟ್ಟಿದ್ದೀಯಾ?" ಎಂದ ಮುದುಕ.

"ಹೂಂ."

"ಎಷ್ಟ್ ದಿನದ್ದು?"

"ಇವತ್ತು ಹಣ್ಣು."

ಬೆಳಗಿನಿಂದ ಯಾರಿಗೂ ಹೇಳದ ಮಾತು ಎಷ್ಟು ಸಲೀಸಾಗಿ ಬಂತು ಎಂದು ಅವನೇ ಬೆಚ್ಚಿದ. ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ, ಹೆಗಲ ಟವೆಲನ್ನೂ ನೋಡಿದ. "ಹುಳ ಹಣ್ಣಾಗಿರೋ ದಿನ ಇಲ್ಲಿ ಬಂದು ಕೂತಿದ್ದೀಯಲ್ಲ, ನೀನೇನ್ ಸಾಕೋನಾ, ಇಲ್ಲಾ ಸಾಕಿಸ್ಕೊಳ್ಳೋನಾ?" ಎಂದು, ಹೊಗೆಸೊಪ್ಪನ್ನು ಬಾಯಿಗಿಟ್ಟುಕೊಂಡು ಅತ್ತ ತಿರುಗಿದ.

ಎರಡೂವರೆಗೆ ನಿರ್ಣಯಗಳು ಶುರುವಾದವು. ಒಬ್ಬ ಓದುತ್ತಿದ್ದ, ಓದಿ ಮುಗಿಸಿ "ಒಪ್ಪಿಗೆ ಇರೋರು ಕೈ ಎತ್ತಿ" ಎನ್ನುತ್ತಿದ್ದ, ಮೈದಾನದ ತುಂಬ ಕೈ ಏಳುತ್ತಿತ್ತು. ಗಂಗಹನುಮಯ್ಯ ಬೆರಳು ಮಡಚಿ ಲೆಕ್ಕ ಹಿಡಿದ. ನೀರಾವರಿ, ಕರೆಂಟು, ಯಾರಿಗೋ ಅಭಿನಂದನೆ, ತೀರಿಹೋದವರಿಗೆ ಸಂತಾಪ. ಆರನೆಯದಕ್ಕೆ ಹಿಂದಿನವರು ಎದ್ದು ಹೊರಟರು, ಅವರ ಗಲಾಟೆಯಲ್ಲಿ ಮೈಕಿನ ಸದ್ದು ಒಡೆಯಿತು. ಏಳನೆಯದು ಶುರುವಾದಾಗ ಅವನಿಗೆ ಹಾರೋಹಳ್ಳಿ ಎಂಬ ಹೆಸರು ಸ್ಪಷ್ಟವಾಗಿ ಕೇಳಿಸಿತು. ರೈತ ಬಾಂಧವರು ಎಂದದ್ದು ಕೇಳಿಸಿತು. ಜಮೀನು ಎಂದದ್ದು ಕೇಳಿಸಿತು. ಒಪ್ಪಿಗೆ ಎನ್ನುವ ಮೊದಲೇ ಅವನ ಬಲಗೈ ಮೇಲೆದ್ದಿತ್ತು, ಬಸರಿದೊಡ್ಡಿಯವರ ಕಡೆ ತಿರುಗಿ "ಎತ್ರಲೇ, ನಮ್ದು, ನಮ್ದು!" ಎಂದು ಕೂಗಿದ್ದ. ಮೂವತ್ತೊಂದು ಕೈ ಎದ್ದವು. ಆಗ ಓದುವವನು ಕೊನೆಯ ಸಾಲನ್ನು, ಚಪ್ಪಾಳೆಗೆಂದು, ಎರಡನೇ ಸಲ ಓದಿದ. ಸ್ವಇಚ್ಛೆಯಿಂದ ಜಮೀನು ಬಿಟ್ಟುಕೊಡುತ್ತಿರುವ ಹಾರೋಹಳ್ಳಿ ಭಾಗದ ರೈತ ಬಾಂಧವರ ತ್ಯಾಗವನ್ನು ಈ ಸಮಾವೇಶ ಕೊಂಡಾಡುತ್ತದೆ, ಉಳಿದ ಜಮೀನನ್ನೂ ಕೈಗಾರಿಕೆಗೆ ಬೇಗನೆ ಒದಗಿಸಬೇಕೆಂದು ಒತ್ತಾಯಿಸುತ್ತದೆ. ಅವನ ಕೈ ಇನ್ನೂ ಮೇಲೇ ಇತ್ತು. ಎಲ್ಲ ಕೈಗಳಿಗಿಂತ ಎತ್ತರದಲ್ಲಿ, ಬೆರಳು ಬಿಚ್ಚಿ, ಅಂಗೈ ತೋರಿಸಿಕೊಂಡು ಇತ್ತು. ಇಳಿಸಬೇಕು ಎಂದು ಅವನಿಗೆ ಗೊತ್ತಾಯಿತು, ಇಳಿಸಿದರೆ ಎತ್ತಿದ್ದು ಎದ್ದು ಕಾಣುತ್ತದೆ ಎಂದೂ ಗೊತ್ತಾಯಿತು. ಆ ಅಂಗೈ ಕೆಳಗೆ ತಣ್ಣಗೆ ಏನೋ ಹರಿದ ಹಾಗಾಯಿತು. ಒಬ್ಬ ಫೋಟೋದವನು ಅಡ್ಡಗಟ್ಟೆಯ ಮೇಲೆ ಹತ್ತಿ ಆ ಕಡೆಯದೊಂದು ಫೋಟೋ ತೆಗೆದ.

ವೇದಿಕೆಯ ಹಿಂದೆ ಜನರೇಟರಿನ ಪಕ್ಕದಲ್ಲಿ ಯೋಗಾನಂದ ಸಿಕ್ಕಿದ. "ಇದೇನಪ್ಪ ಹಿಂಗ್ ಓದುಬುಟ್ರು? ಕೈ ಬುಡ್ತರೆ ಅಂದಿದ್ದೆ ನೀನು."

"ಜಮೀನಿಂದು ಅಂದೆ. ಜಮೀನಿಂದೇ ತಾನೇ ಓದಿದ್ದು?"

"ತಟ್ಟೆ ಮುಟ್ಟಿ ಆಣೆ ಮಾಡಿದ್ದೀನಿ ಕಣೋ ನಾನು. ಒಬ್ಬ ಹೆಣ್ಣೆಂಗಸ್ಗೆ."

ಯೋಗಾನಂದ ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದ. ತಟ್ಟೆ ಎಂದರೇನೆಂದು ಅವನಿಗೆ ಗೊತ್ತಿತ್ತು. "ಯಾರು ಮುಟ್ಟು ಅಂದ್ರು ನಿಮಗೆ?" ಎಂದ, ದನಿ ತಗ್ಗಿಸಿ. "ನಾವ್ ಓಟ್ ಕೇಳಿ ಅಂದ್ವಿ. ತಟ್ಟೆ ಮುಟ್ಟಿ ಅಂದ್ವಾ? ನೀವೇ ದೊಡ್ಡ ಮನುಷ್ಯ ಆಗಕ್ಕೋಗಿ ಮುಟ್ಟಿದ್ರಿ." ಆಮೇಲೆ ಯಾರಿಗೋ ಕೈ ಬೀಸುತ್ತ, "ನಿಮ್ ಅರ್ಧ ಎಕರೆ ಸೇಫಾಗೈತಲ್ಲ, ಹೋಗಿ ಮಲಕ್ಕಳಿ" ಎಂದು ನಡೆದ.

ಗಂಗಹನುಮಯ್ಯ ಬೈಗುಳ ಹುಡುಕಿದ. ಸಿಕ್ಕಿದ ಒಂದೊಂದೂ ತನ್ನ ಮೇಲೇ ಬೀಳುವಂತಿತ್ತು. ಬಸ್ಸು ಸಮಾವೇಶ ಮುಗಿಯದೆ ಹೊರಡುವುದಿಲ್ಲ ಎಂದರು. ಅವನು ಟವೆಲನ್ನು ಜನರೇಟರಿನ ಮೇಲೆ ಒಗೆದು ರಸ್ತೆಗೆ ಬಂದ. ಕನಕಪುರದವರೆಗೆ ಒಂದು ಬಸ್ಸು, ಅಲ್ಲಿಂದ ಮಾವಿನಕಾಯಿ ತುಂಬಿದ ಟೆಂಪೋ, ಕೊನೆಯ ಎರಡು ಮೈಲಿ ಕಾಲುನಡಿಗೆ. ನಡೆಯುವಾಗ ಹೊಸ ಕಾರ್ಖಾನೆಯ ಕಾಂಪೌಂಡು ಬಲಕ್ಕೆ ಮುಗಿಯದೆ ಸಾಗಿತು. ಆ ಗೋಡೆಯ ಒಳಗೆ ಯಾರ ತೋಟ ಎಲ್ಲಿತ್ತು, ಯಾವ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು ಎಂದು ಗುರುತು ಹಿಡಿಯಲು ಕಣ್ಣು ತಾನಾಗಿ ಹೋಗುತ್ತಿತ್ತು. ಅವನು ತಲೆ ತಗ್ಗಿಸಿ ನಡೆದ. ಬೆವರಿದಷ್ಟೂ ಸೆಂಟಿನ ವಾಸನೆ ಎದ್ದು ಬರುತ್ತಿತ್ತು.

ದೀಪ ಹಚ್ಚುವ ಹೊತ್ತು. ಮಾರಕ್ಕನ ಹುಳುಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವಳು ಬಲ್ಬಿನ ಕೆಳಗೆ ಒಂದು ಕಾಲು ಮಡಚಿ ಕೂತು, ಸೊಪ್ಪು ಎತ್ತಿ, ಅದರ ಕೆಳಗಿನ ಹುಳುವನ್ನು ಆಯ್ದು ಚಂದ್ರಿಕೆಯ ಸುತ್ತುಗಳಲ್ಲಿ ಬಿಡುತ್ತಿದ್ದಳು. ಗೋಡೆಗೆ ಒರಗಿಸಿದ ಚಂದ್ರಿಕೆಗಳಲ್ಲಿ ನಾಲ್ಕು ತುಂಬಿದ್ದವು, ಹತ್ತು ಖಾಲಿ ಇದ್ದವು. ಉಳಿದ ತಟ್ಟೆಗಳಲ್ಲಿ ಹುಳು ತಾನು ಕೂತಲ್ಲೇ, ಬಾಡಿದ ಸೊಪ್ಪಿಗೂ ಹಿಕ್ಕೆಗೂ ಸೇರಿಸಿ ಎಳೆ ಸುತ್ತಿಕೊಂಡಿತ್ತು. ಎರಡೆರಡು ಒಂದೇ ಗೂಡಿಗೆ ಸಿಕ್ಕಿಕೊಂಡಿದ್ದವು, ಮಾರುಕಟ್ಟೆಯಲ್ಲಿ ಕೇಳುವವರಿಲ್ಲದ ಗೂಡು. ಅವನು ಹೊಸಿಲ ಮೇಲೆ ಕಾಲಿಟ್ಟ.

"ಅಲ್ಲೇ ನಿಂತ್ಕೊ," ಎಂದಳು ಅವಳು, ತಲೆ ಎತ್ತದೆ. "ಏನ್ ಘಾಟು ನಿನ್ ಮೈಯಿಂದ."

"ಸ್ನಾನ ಮಾಡ್ಕಂಡ್ ಬತ್ತೀನಿ ಕಣಕ್ಕ. ಹತ್ತು ನಿಮಿಷ."

"ಬ್ಯಾಡ." ಅವಳ ಕೈ ನಿಲ್ಲಲಿಲ್ಲ. ಇನ್ನೊಂದು ಹುಳು ಬಿಟ್ಟು ಕೇಳಿದಳು. "ಬೆಳಗ್ಗೆ ಆ ಹುಳಾನ ಎತ್ತಿ ಹಿಡಿದಲ್ಲ. ಗೊತ್ತಿತ್ತಾ ನಿಂಗೆ?"

ಜಮೀನಿನ ಮಾತು ಕೇಳುತ್ತಾಳೆ ಎಂದು ಅವನು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದ. ಅವರ ಮೋಸ, ಯೋಗಾನಂದನ ಮೋಸ, ಮೈಕು ಸರಿಯಿರಲಿಲ್ಲ. ಅದರಲ್ಲಿ ಯಾವುದೂ ಈ ಪ್ರಶ್ನೆಗೆ ಕೂರಲಿಲ್ಲ.

"ಗೊತ್ತಿತ್ತು," ಎಂದ.

ಅವಳು ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಯಲ್ಲಿ ಬಿಟ್ಟು, ಅದು ಹಿಡಿದುಕೊಳ್ಳುವವರೆಗೆ ಕಾದಳು. "ಹಂಗಾರೆ ಅವತ್ತು ತಟ್ಟೆ ಮುಟ್ದಾಗ್ಲೂ ಗೊತ್ತಿತ್ತು," ಎಂದಳು, ತನಗೇ ಹೇಳಿಕೊಂಡ ಹಾಗೆ. ಆಮೇಲೆ ಇನ್ನೊಂದು ಹುಳು ಎತ್ತಿದಳು.

ಅವನು ಹಿಂದೆ ಸರಿದ. ಗೋಡೆಯ ಪಕ್ಕದಲ್ಲಿ, ಅವಳು ಅವಸರದಲ್ಲಿ ಹೊರಗೆ ಸುರಿದಿದ್ದ ಬಾಡಿದ ಸೊಪ್ಪಿನ ಗುಡ್ಡೆ ಇತ್ತು. ಅದರೊಳಗೆ ಏನೋ ಆಡುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಕೆದಕಿದ. ಸೊಪ್ಪಿನ ಜೊತೆ ಬಂದು ಬಿದ್ದ ಹುಳುಗಳು, ಕೆಲವು ಸತ್ತಿದ್ದವು, ಕೆಲವು ಎಳೆ ಬಿಡಲು ಶುರು ಮಾಡಿದ್ದವು. ಹಿಂದಿನ ಬೆಳೆಯಲ್ಲಿ ಮುರಿದ ಚಂದ್ರಿಕೆಯೊಂದು ಬೇಲಿಗೆ ಒರಗಿತ್ತು. ಅವನು ನೀರಿನ ತೊಟ್ಟಿಯಲ್ಲಿ ಬೂದಿ ಹಚ್ಚಿ ಕೈ ತಿಕ್ಕಿದ, ಮೊಣಕೈವರೆಗೆ ತಿಕ್ಕಿದ, ಮೂಸಿ ನೋಡಿ ಮತ್ತೆ ತಿಕ್ಕಿದ. ಗುಡ್ಡೆಯ ಮುಂದೆ ಕೂತು ಒಂದೊಂದಾಗಿ ಆಯತೊಡಗಿದ. ಕತ್ತಲಾಗುತ್ತಿದ್ದಂತೆ ಕಣ್ಣಿನ ಕೆಲಸವನ್ನು ಬೆರಳು ಮಾಡಿತು. ದೂರದಲ್ಲಿ ಬಸ್ಸು ಬಂದ ಸದ್ದು, ನರಸಯ್ಯನ ನಗು, ಬಾಗಿಲುಗಳು ತೆರೆದುಕೊಂಡದ್ದು ಕೇಳಿಸಿತು. ಯಾರೂ ಈ ಕಡೆ ಬರಲಿಲ್ಲ.

ಚಂದ್ರಿಕೆಯ ಅರ್ಧ ತುಂಬಿತ್ತು. ಮಾರಕ್ಕ ಕೊನೆಯ ತಟ್ಟೆಯ ಸೊಪ್ಪನ್ನು ಸುರಿಯಲು ಹೊರಗೆ ಬಂದು ಅವನನ್ನು ನೋಡಿದಳು. ಸೊಪ್ಪು ಸುರಿದಳು. ಬಗ್ಗಿ ಆ ಚಂದ್ರಿಕೆಯನ್ನು ಎರಡು ಕೈಯಲ್ಲಿ ಎತ್ತಿ, ಮೂಗಿನ ಹತ್ತಿರ ತಂದು ಮೂಸಿ, ಒಳಗೆ ಹೊರಟಳು. ಬಾಗಿಲಲ್ಲಿ ನಿಂತು ಹೇಳಿದಳು.

"ಇದು ಮುಯ್ಯಿಗೆ ಸೇರಾಕಿಲ್ಲ ಕಣಣ್ಣ. ಆ ಮೂರು ಆಳು ನಿನ್ ಮ್ಯಾಲೆ ಹಂಗೇ ಐತೆ."

"ಮುಂದಿನ ಬೆಳೆಗೆ..." ಎಂದ ಅವನು. ಎಂದವನು ಬೇಲಿಯ ಆಚೆ, ಕತ್ತಲಲ್ಲಿ ಸಾಲು ಸಾಲಾಗಿ ನಿಂತಿದ್ದ, ಕೆಂಪು ಗೆರೆಯೊಳಗಿನ ಅವಳ ಹಿಪ್ಪುನೇರಳೆ ತೋಟದ ಕಡೆ ನೋಡಿ ಮಾತು ನಿಲ್ಲಿಸಿದ. ಅವಳೂ ಅತ್ತಲೇ ನೋಡಿದಳು. ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.